ನೋಟೀಸಿನಲ್ಲಿ ‘ಈಕ್ವೈನ್’ ಅಂತಿದ್ದರೆ ಕತ್ತೆಯೂ ಅದರಲ್ಲಿ ಸೇರುತ್ತಾ?

ಕೆಲಮಂಗಲದ ಅಕ್ಕ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಚಾರ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಊರ ಹತ್ತಿರ ಒಂದು ತಪಾಸಣಾ ಶಿಬಿರ ನಡೆಯಿತು. ನಡೆಸಿದವರು ಹೊರಗಿನಿಂದ ಬಂದವರು, ಒಳ್ಳೆಯ ಜನ, ಹೆಸರು ಬೇಡ. ‘ಈಕ್ವೈನ್ ಹೆಲ್ತ್ ಕ್ಯಾಂಪ್’ ಅಂತ ಇಂಗ್ಲಿಷಿನಲ್ಲಿ ಒಂದು ಪುಟದ ನೋಟೀಸು ಕಳಿಸಿ, ತಮಿಳಿಗೆ ಒಬ್ಬರು ಸಿಕ್ಕಿದ್ದಾರೆ, ಕನ್ನಡಕ್ಕೆ ನೀವು ಮಾಡಿಕೊಡಿ ಅಂದರು. ಹೊಸೂರು ಸೀಮೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ ಅನ್ನೋದು ಅವರಿಗೆ ಹೊಳೆದಿದ್ದೇ ನನಗೆ ಖುಷಿ. ಡಿಕ್ಷನರಿ ತೆಗೆದು ನೋಡಿದೆ, ‘ಕುದುರೆಗೆ ಸಂಬಂಧಿಸಿದ’ ಅಂತಿತ್ತು. ‘ಕುದುರೆಗಳಿಗೆ ಉಚಿತ ಆರೋಗ್ಯ ತಪಾಸಣೆ’ ಅಂತ ಬರೆದು ಕೊಟ್ಟೆ. ತಮಿಳಿನವರೂ ‘ಕುದಿರೈ’ ಅಂತಲೇ ಹಾಕಿದ್ದರು.

ಶಿಬಿರಕ್ಕೆ ಮದುವೆ ಸಾರೋಟಿನ ಕುದುರೆಗಳು ಬಂದವು, ಒಂದೆರಡು ತಟ್ಟು ಬಂದವು. ನಮ್ಮ ಬೀದಿಯ ಕೊನೆಯಲ್ಲಿ ಕತ್ತೆ ಸಾಕಿರುವ ಅಜ್ಜ ಒಬ್ಬರಿದ್ದಾರೆ. ನಾಲ್ಕು ಕತ್ತೆ. ಎರಡು ಇಟ್ಟಿಗೆ ಗೂಡಿಗೆ ಹೋಗುತ್ತವೆ, ಎರಡು ಹಾಲಿಗೆ. ಬೆಳಗಿನ ಜಾವ ತಾಯಿಕತ್ತೆ, ಮರಿ ಎರಡನ್ನೂ ನಡೆಸಿಕೊಂಡು ಬೀದಿ ಬೀದಿ ಹೋಗುತ್ತಾರೆ. ಯಾರಾದರೂ ಎಳೆಮಗುವಿಗೆ ಬೇಕು ಅಂದರೆ ಬಾಗಿಲಲ್ಲೇ ನಿಲ್ಲಿಸಿ, ಒಂದು ಒಳಲೆಯಷ್ಟು ಕರೆದು ಕೊಡುತ್ತಾರೆ. ಅವರ ಒಂದು ಕತ್ತೆಯ ಹಿಂಗಾಲಿನ ಗೊರಸು ಕೆಟ್ಟು, ಕಾಲೂರಲು ಆಗದೆ ಮೂರು ಕಾಲಲ್ಲಿ ನಿಂತಿತ್ತು. ಅಜ್ಜ ಅದನ್ನು ನಿಧಾನವಾಗಿ ನಡೆಸಿಕೊಂಡು ಶಿಬಿರದ ಗೇಟಿನವರೆಗೂ ಬಂದಿದ್ದಾರೆ. ಅಲ್ಲಿದ್ದ ಒಬ್ಬ ಹುಡುಗನ ಹತ್ತಿರ ಬ್ಯಾನರ್ ಓದಿಸಿಕೊಂಡು, ‘ಓ, ಇದು ಕುದುರೆಯೋರಿಗೆ’ ಅಂತ ವಾಪಸ್ಸು ಹೋಗಿದ್ದಾರೆ. ನನಗೆ ಗೊತ್ತಾಗಿದ್ದು ಮೂರು ದಿನದ ಮೇಲೆ. ಶಿಬಿರದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: ‘ಕತ್ತೆಗಳು ಬರಲಿ ಅಂತಲೇ ನಾವು ಈಕ್ವೈನ್ ಅಂತ ಹಾಕಿದ್ದು.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಶಿಬಿರ ಮತ್ತಿಗಿರಿ ಕಡೆ ಇದೆ. ಮತ್ತೆ ನಾನೇ ಬರೆಯಬೇಕು. ಈ ಪದದ ಅಳತೆ ಎಷ್ಟು? ಕನ್ನಡದಲ್ಲಿ ಏನು ಬರೆದರೆ ಅಜ್ಜ ಗೇಟಿನ ಒಳಗೆ ಬರುತ್ತಾರೆ?

ಡೆಂಕಣಿಕೋಟೆ ಪಶುವೈದ್ಯ

ಅಕ್ಕ, ನಿಮ್ಮ ಡಿಕ್ಷನರಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಈಕ್ವಸ್’ ಅಂದರೆ ಕುದುರೆ. ಅದರಿಂದ ‘ಈಕ್ವೈನಸ್’, ಇಂಗ್ಲಿಷಿನಲ್ಲಿ ಈಕ್ವೈನ್. ದನಕ್ಕೆ ಬೋವೈನ್, ಕುರಿಗೆ ಓವೈನ್, ನಾಯಿಗೆ ಕೇನೈನ್, ಬೆಕ್ಕಿಗೆ ಫೀಲೈನ್ ಅಂತ ನಮ್ಮ ಓದಿನಲ್ಲಿ ಒಂದು ಸಾಲೇ ಇದೆ, ಇದೂ ಆ ಸಾಲಿನದು. ಎಕ್ವೈನ್ ಅಂತ ಉಚ್ಚರಿಸಿದರೂ ತಪ್ಪಿಲ್ಲ.

ತೊಡಕು ಎಲ್ಲಿ ಅಂದರೆ, ಪ್ರಾಣಿಶಾಸ್ತ್ರದವರು ಈಕ್ವಸ್ ಅನ್ನೋ ಹೆಸರನ್ನು ಕುದುರೆ ಒಂದಕ್ಕೇ ಬಿಡಲಿಲ್ಲ, ಇಡೀ ಕುಲಕ್ಕೆ ಕೊಟ್ಟರು. ಕುದುರೆ, ಕತ್ತೆ, ಆಫ್ರಿಕಾದ ಮೂರು ಬಗೆಯ ಜೀಬ್ರಾ, ಕಛ್‌ನ ಚಿಕ್ಕ ರಣ್‌ನಲ್ಲಿರುವ ಕಾಡುಕತ್ತೆ, ಲಡಾಖ್ ಮತ್ತು ಟಿಬೆಟ್ಟಿನ ಕಿಯಾಂಗ್, ಎಲ್ಲವೂ ಈಕ್ವಸ್. ಇವೆಲ್ಲ ಸೇರಿದ ಕುಟುಂಬಕ್ಕೆ ಈಕ್ವಿಡೇ ಅಂತಾರೆ, ಅದರ ಸದಸ್ಯ ಪ್ರಾಣಿ ‘ಈಕ್ವಿಡ್’. ಜೀಬ್ರಾವನ್ನೂ ಸೇರಿಸಿ ಮಾತಾಡುವಾಗ ಸರಿಯಾದ ಪದ ಈಕ್ವಿಡ್. ಆದರೆ ನಮ್ಮ ಆಸ್ಪತ್ರೆ, ಕಾನೂನು, ಸರ್ಕಾರಿ ಕಾಗದದಲ್ಲಿ ‘ಈಕ್ವೈನ್ಸ್’ ಅಂತ ಬಹುವಚನ ಕಂಡರೆ ಅದು ನಾಲ್ಕು ಸಾಕುಪ್ರಾಣಿಗಳ ಗುಂಪು: ಕುದುರೆ, ತಟ್ಟು, ಹೇಸರಗತ್ತೆ, ಕತ್ತೆ. ಹರಿಯಾಣದ ಹಿಸಾರ್‌ನಲ್ಲಿ 1985ರಲ್ಲಿ ಶುರುವಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆಯಲ್ಲ, ಅದರ ಇಂಗ್ಲಿಷ್ ಹೆಸರಲ್ಲಿ ಈಕ್ವೈನ್ಸ್ ಅಂತಿದೆ. ಅಲ್ಲಿ ಕತ್ತೆಗಳ ಮೇಲೂ ಕೆಲಸ ನಡೆಯುತ್ತದೆ. ಹಿಂದಿಯಲ್ಲಿ ಮಾತ್ರ ‘ಅಶ್ವ ಅನುಸಂಧಾನ ಕೇಂದ್ರ’. ಅನುವಾದದಲ್ಲಿ ಕತ್ತೆ ಬಿಟ್ಟುಹೋಗಿದ್ದು ನಿಮ್ಮ ಕೈಯಲ್ಲಿ ಮಾತ್ರ ಅಲ್ಲ, ಸಮಾಧಾನ ಮಾಡ್ಕೊಳ್ಳಿ.

ಆ ಕತ್ತೆ ಈಗ ಹೇಗಿದೆ? ಕಾಲು ಮುಟ್ಟಿದರೆ ಬಿಸಿ ಇದೆಯಾ? ಗೊರಸಿನ ಮೇಲಿನ ಅಂಚು ಊದಿದೆಯಾ? ಅದನ್ನು ಮೊದಲು ಹೇಳಿ.

ಲಾಳದ ಮನೆ

ಅಕ್ಕ, ನಮ್ಮದು ಮೂರು ತಲೆಮಾರಿಂದ ಲಾಳ ಹೊಡೆಯೋ ಕಸುಬು. ಇಂಗ್ಲಿಷ್ ನನಗೆ ಗೊತ್ತಿಲ್ಲ, ಕಾಲು ಗೊತ್ತು.

ಎತ್ತಿಗೆ ಒಂದೊಂದು ಕಾಲಿಗೂ ಎರಡೆರಡು ಲಾಳ. ಗೊರಸು ಸೀಳಿರುತ್ತಲ್ಲ, ಆ ಕಡೆ ಹೋಳಿಗೊಂದು, ಈ ಕಡೆ ಹೋಳಿಗೊಂದು, ತೆಳ್ಳನೆ ತಗಡು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ ಹೊಡೀಬೇಕು. ಕುದುರೆಗೆ ಒಂದು ಕಾಲಿಗೆ ಒಂದೇ ಲಾಳ, ಬಳೆ ಮುರಿದ ಹಾಗೆ ಬಾಗಿರೋದು. ಅದನ್ನು ಕೆಡವೋ ಹಾಗೇ ಇಲ್ಲ, ನಿಂತಂಗೇ ಕಾಲು ಎತ್ತಿ ನಮ್ಮ ತೊಡೆ ಮೇಲೆ ಇಡುತ್ತೆ. ಕತ್ತೆಗೂ ಗೊರಸು ಒಂದೇ, ಆದರೆ ಕುದುರೆಗಿಂತ ಕಿರಿದು, ನೆಟ್ಟಗೆ ನಿಂತಿರುತ್ತೆ. ಕತ್ತೆಗೆ ಲಾಳ ಹೊಡೆಸೋರು ನಮ್ಮ ಕಡೆ ಇಲ್ಲ, ಉಗುರು ಕತ್ತರಿಸಿದಂಗೆ ಕತ್ತರಿಸಿ ಕೊಟ್ಟರೆ ಸಾಕು. ಅದನ್ನೂ ಮಾಡಿಸಲ್ಲ, ಚಪ್ಪಲಿ ತುದಿ ಬಾಗಿದಂಗೆ ಬೆಳೆದು ಬೆಳೆದು ಕೊನೆಗೆ ಕುಂಟುತ್ತೆ.

ನಮ್ಮಪ್ಪ ಬಂದ ಪ್ರಾಣಿಗಳನ್ನ ಎರಡೇ ಥರ ಲೆಕ್ಕ ಹಾಕೋರು, ಒಂಟಿಗೊರಸಿನವು, ಸೀಳುಗೊರಸಿನವು. ನಿಮ್ಮ ಆ ಪದ ಕುದುರೆ, ಕತ್ತೆ, ಹೇಸರಗತ್ತೆ ಮೂರಕ್ಕೂ ಅನ್ನೋದಾದರೆ ಅದು ನಮ್ಮಪ್ಪನ ಒಂಟಿಗೊರಸೇ.

ಅಜ್ಜನ ಮನೆ ಎಲ್ಲಿ ಅಂತ ಮೆಸೇಜು ಹಾಕಿ. ನಾಳೆ ಆ ಕಡೆ ಬರೋದಿದೆ.

ಬಾಗಲೂರು ಹತ್ತನೇ ಕ್ಲಾಸು

ಡಾಕ್ಟರ್ ಸಾರ್, ನಮ್ಮ ಭೂಗೋಳ ಪಾಠದಲ್ಲಿ ‘ಈಕ್ವಿನಾಕ್ಸ್’ ಬರುತ್ತೆ, ಹಗಲು ರಾತ್ರಿ ಸಮ ಇರೋ ದಿನ. ಅದಕ್ಕೂ ಕುದುರೆಗೂ ಏನು ಸಂಬಂಧ? ಸೂರ್ಯನ ರಥಕ್ಕೆ ಏಳು ಕುದುರೆ ಅಂತ ಅಜ್ಜಿ ಹೇಳ್ತಾರೆ, ಅದಕ್ಕಾ?

ಮತ್ತಿಗಿರಿ ಸಂಸ್ಕೃತ ಮೇಷ್ಟ್ರು

ಪುಟ್ಟ, ಒಳ್ಳೆಯ ಪ್ರಶ್ನೆ. ಸಂಬಂಧ ಇಲ್ಲ. ಅವು ಕಿವಿಗೆ ಒಂದೇ ಥರ ಕೇಳಿಸುವ ಎರಡು ಬೇರೆ ಬೇರೆ ಲ್ಯಾಟಿನ್ ಪದಗಳು. ‘ಸಮ’ ಎಂಬ ಅರ್ಥದ ಪದ ಬೇರೆ, ಅದರಿಂದ ಈಕ್ವಲ್, ಈಕ್ವೇಟರ್, ಈಕ್ವೇಶನ್, ನಿನ್ನ ಈಕ್ವಿನಾಕ್ಸ್ ಎಲ್ಲ ಬಂದವು. ‘ಕುದುರೆ’ ಎಂಬ ಅರ್ಥದ ಈಕ್ವಸ್ ಬೇರೆ. ಅದರ ಒಡಹುಟ್ಟು ನಮ್ಮಲ್ಲೇ ಇದೆ. ಸಂಸ್ಕೃತದ ‘ಅಶ್ವ’, ಲ್ಯಾಟಿನ್ನಿನ ‘ಈಕ್ವಸ್’, ಗ್ರೀಕಿನ ‘ಹಿಪ್ಪೋಸ್’ ಮೂರೂ ಒಂದೇ ಮೂಲದಿಂದ ಕವಲೊಡೆದವು ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಗ್ರೀಕಿನ ಹಿಪ್ಪೋಸ್‌ನಿಂದ ಹಿಪ್ಪೊಪಾಟಮಸ್ ಬಂತು, ಅಂದರೆ ಹೊಳೆಯ ಕುದುರೆ. ಹೆಸರಲ್ಲಿ ಕುದುರೆ ಇದ್ದರೂ ಅದು ಕುದುರೆಯ ಬಳಗವಲ್ಲ.

ನಮ್ಮ ‘ಕುದುರೆ’ ದ್ರಾವಿಡ ಪದ. ತಮಿಳಿನವರ ಕುದಿರೈ, ಮಲಯಾಳದ ಕುದಿರ ಜೊತೆಯವು. ತೆಲುಗಿನವರು ಮಾತ್ರ ಗುರ್ರಂ ಎನ್ನುತ್ತಾರೆ. ಹೊಸೂರಿನಲ್ಲಿ ಹುಟ್ಟಿದ ಮಗುವಿಗೆ ಶಾಲೆಗೆ ಹೋಗುವ ಮೊದಲೇ ಇವೆಲ್ಲ ಬಂದಿರುತ್ತವೆ.

ಸೂಲಗಿರಿ ತಾಯಿ

ಈ ಪದ ನನಗೆ ಆಸ್ಪತ್ರೆ ಚೀಟಿಯಲ್ಲಿ ಸಿಕ್ಕಿದ್ದು. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಬೀದಿನಾಯಿ ಕಚ್ಚಿ, ಮೀನಖಂಡ ಹರಿದು ರಕ್ತ ಬಂತು. ಡಾಕ್ಟರು ಲಸಿಕೆಯ ಜೊತೆ ‘ಈಕ್ವೈನ್ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್’ ಅಂತ ಬರೆದರು. ನನ್ನ ಅತ್ತೆ ‘ಕುದುರೆ ರಕ್ತ ಮಗುಗೆ ಚುಚ್ಚುತ್ತಾರಂತೆ’ ಅಂತ ಅಳೋಕೆ ಶುರು ಮಾಡಿದರು. ನರ್ಸಮ್ಮ ತಮಿಳಿನಲ್ಲಿ ಸಮಾಧಾನ ಹೇಳ್ತಾ ಇದ್ದರು, ಅತ್ತೆಗೆ ಅರ್ಥ ಆಗ್ತಾ ಇರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಮಧ್ಯೆ ನಿಂತಿದ್ದೆ. ಕೊನೆಗೆ ಹಾಕಿಸಿದೆವು, ಮಗ ಆರಾಮಾಗಿದ್ದಾನೆ. ಆದರೆ ಅದು ಏನು ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿ ಈಕ್ವೈನ್ ಅಂದರೆ ಕತ್ತೆಯೂ ಸೇರಿತಾ?

ಡೆಂಕಣಿಕೋಟೆ ಪಶುವೈದ್ಯ

ಇಲ್ಲ ತಾಯಿ, ಅಲ್ಲಿ ಕುದುರೆ ಮಾತ್ರ. ಔಷಧದ ಬಾಟಲಿಯ ಮೇಲೆ ಈಕ್ವೈನ್ ಅಂದರೆ ‘ಕುದುರೆಯಿಂದ ತೆಗೆದದ್ದು’. ಅಕ್ಕನ ನೋಟೀಸಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಒಂದೇ ಪದಕ್ಕೆ ಎರಡು ಅಳತೆ.

ಕುದುರೆಗೆ ರೇಬೀಸ್ ಲಸಿಕೆಯನ್ನು ಹಲವು ಸಲ ಕೊಟ್ಟಾಗ ಅದರ ಮೈಯಲ್ಲಿ ಆ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಸ್ವಲ್ಪ ರಕ್ತ ತೆಗೆದು, ಅದರ ತಿಳಿ ಭಾಗವಾದ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಮಾತ್ರ ಶುದ್ಧಿ ಮಾಡಿ ಬಾಟಲಿಗೆ ತುಂಬುತ್ತಾರೆ. ಹಾಗಾಗಿ ಅದು ರಕ್ತ ಅಲ್ಲ. ನಾಯಿ ಕಚ್ಚಿದ ಮೇಲೆ ಹಾಕುವ ಲಸಿಕೆ ನಮ್ಮ ಮೈಯಲ್ಲಿ ಪ್ರತಿಕಾಯ ಹುಟ್ಟಿಸೋಕೆ ದಿನಗಳು ಬೇಕು. ಆ ದಿನಗಳಿಗೆ ಕುದುರೆಯ ಪ್ರತಿಕಾಯ ಸಾಲ ಸಿಕ್ಕ ಹಾಗೆ. ಅದಕ್ಕೇ ಗಾಯದ ಸುತ್ತ, ಗಾಯದ ಒಳಗೇ ಚುಚ್ಚುತ್ತಾರೆ. ಮನುಷ್ಯರಿಂದ ತೆಗೆದದ್ದೂ ಸಿಗುತ್ತದೆ, ಬೆಲೆ ಜಾಸ್ತಿ. ಅದಕ್ಕೆ ಮೈತೂಕದ ಕಿಲೋಗೆ 20 ಯೂನಿಟ್, ಕುದುರೆಯದಕ್ಕೆ 40 ಯೂನಿಟ್ ಲೆಕ್ಕ. ಎರಡೂ ಜೀವ ಉಳಿಸುತ್ತವೆ. ಕಚ್ಚಿದ ತಕ್ಷಣ ಸೋಪು ನೀರಿನಲ್ಲಿ 15 ನಿಮಿಷ ಗಾಯ ತೊಳೆಯೋದನ್ನು ಮಾತ್ರ ಯಾರೂ ಬಿಡಬೇಡಿ.

ಹಾವಿನ ವಿಷಕ್ಕೆ ಕೊಡುವ ಮದ್ದೂ ಹೀಗೇ. ಚೆನ್ನೈ ಹತ್ತಿರ ವಡನೆಮ್ಮೇಲಿಯಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ ಇದೆ, 1978ರಲ್ಲಿ ಆದದ್ದು. ಅವರು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷ ತೆಗೆದು ಕಂಪನಿಗಳಿಗೆ ಕೊಡುತ್ತಾರೆ. ಆ ವಿಷವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕುದುರೆಗೆ ಕೊಟ್ಟು ಪ್ರತಿಕಾಯ ಪಡೆಯುತ್ತಾರೆ. ರಾಗಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿ, ಈ ಮದ್ದಿನಿಂದ ಬದುಕಿ ಬಂದ ಪ್ರತಿಯೊಬ್ಬ ರೈತನ ಮೈಯಲ್ಲೂ ಯಾವುದೋ ಕುದುರೆಯ ಋಣ ಹರಿದಿದೆ. ನಿಮ್ಮ ಅತ್ತೆಗೆ ಹೀಗೇ ಹೇಳಿ.

ಅಂಚೆಟ್ಟಿ ರಸ್ತೆ

ನನ್ನದೂ ಒಂದು. ನಮ್ಮ ತಂದೆಗೆ ಸೊಂಟ ನೋವಿತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಕಾಡಾ ಈಕ್ವೈನಾ’ ಅಂತ ಇತ್ತು. ಮನೆಗೆ ತಂದು ಮೊಬೈಲಿನಲ್ಲಿ ಅನುವಾದ ಮಾಡಿದರೆ ‘ಕುದುರೆಯ ಬಾಲ’ ಅಂತ ಬಂತು. ಬೇರೆ ಯಾರದೋ ರಿಪೋರ್ಟ್ ಕೊಟ್ಟಿದ್ದಾರೆ ಅಂದುಕೊಂಡು ಎರಡು ದಿನ ಸುಮ್ಮನಿದ್ದೆವು. ಅಷ್ಟರಲ್ಲಿ ಅಪ್ಪನಿಗೆ ಮೂತ್ರ ಕಟ್ಟಿತು. ಓಡಿದೆವು. ಸರ್ಜನ್ ಆಮೇಲೆ ಬಿಡಿಸಿ ಹೇಳಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಬಿಡುತ್ತದೆ, ಅಲ್ಲಿಂದ ಕೆಳಗೆ ನರಗಳ ಎಳೆಗಳು ಒಂದು ಕಟ್ಟಾಗಿ ಇಳಿಯುತ್ತವೆ, ನೋಡಲು ಕುದುರೆ ಬಾಲದ ಹಾಗೆ. ಅದಕ್ಕೇ ಆ ಹೆಸರು. ಡಿಸ್ಕ್ ಜಾರಿ ಆ ಕಟ್ಟನ್ನು ಒತ್ತಿದರೆ ತೊಡೆಗಳ ನಡುವೆ, ಕುದುರೆ ಏರಿದವನಿಗೆ ಜೀನು ತಾಗುವ ಜಾಗ ಪೂರ್ತಿ ಮರಗಟ್ಟುತ್ತದೆ, ಮೂತ್ರ ನಿಲ್ಲುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಆ ಎರಡು ದಿನ ಕಳೆಯದೆ ಇದ್ದಿದ್ದರೆ ಕೋಲು ಬೇಕಾಗುತ್ತಿರಲಿಲ್ಲವೇನೋ. ಈ ಲಕ್ಷಣ ಯಾರಿಗೇ ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಮತ್ತಿಗಿರಿ ಸಂಸ್ಕೃತ ಮೇಷ್ಟ್ರು

ಮೂಲ ಪ್ರಶ್ನೆಗೆ ಬರುತ್ತೇನೆ. ಕುದುರೆ, ಕತ್ತೆ, ಹೇಸರಗತ್ತೆ ಮೂರನ್ನೂ ಒಟ್ಟಿಗೆ ಹಿಡಿಯುವ ಪದ ನಮ್ಮಲ್ಲಿ ಇಲ್ಲ ಎಂದು ತಿಳಿಯಬೇಡಿ. ಇದೆ, ಬಹಳ ಹಳೆಯದು: ‘ಏಕಶಫ’. ಶಫ ಎಂದರೆ ಗೊರಸು. ‘ಶಫಂ ಕ್ಲೀಬೇ ಖುರಃ ಪುಮಾನ್’ ಎಂದು ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶ. ಒಂದೇ ಗೊರಸು ಉಳ್ಳದ್ದು ಏಕಶಫ. ಆಯುರ್ವೇದದ ಹಳೆಯ ಗ್ರಂಥಗಳು ಹಾಲಿನ ಬಗೆಗಳನ್ನು ಹೇಳುವಾಗ ಹಸು, ಎಮ್ಮೆ, ಆಡು, ಕುರಿ, ಒಂಟೆಗಳ ಜೊತೆ ‘ಐಕಶಫ’ ಎಂದು ಒಂದು ಗುಂಪು ಮಾಡುತ್ತವೆ. ನಿಮ್ಮ ಬೀದಿಯ ಅಜ್ಜ ಒಳಲೆಯಲ್ಲಿ ಕರೆದುಕೊಡುವ ಹಾಲಿಗೆ ಶಾಸ್ತ್ರದಲ್ಲಿ ಇರುವ ಹೆಸರು ಅದು.

ಪುರುಷಸೂಕ್ತದಲ್ಲಿ ಇನ್ನೊಂದು ಬಗೆಯ ವಿಂಗಡಣೆ ಇದೆ: ‘ತಸ್ಮಾದಶ್ವಾ ಅಜಾಯಂತ ಯೇ ಕೇ ಚೋಭಯಾದತಃ’. ಕುದುರೆಗಳೂ, ಎರಡೂ ದವಡೆಯಲ್ಲಿ ಹಲ್ಲುಳ್ಳ ಇತರ ಪ್ರಾಣಿಗಳೂ ಆ ಯಜ್ಞದಿಂದ ಹುಟ್ಟಿದವು. ಹಸುವಿನ ಬಾಯಿ ತೆರೆದು ನೋಡಿ, ಮೇಲಿನ ಮುಂಬದಿಯಲ್ಲಿ ಹಲ್ಲಿಲ್ಲ. ಕುದುರೆಗೂ ಕತ್ತೆಗೂ ಇದೆ. ಪ್ರಾಣಿಯನ್ನು ಸಾಕಿ, ಹತ್ತಿರದಿಂದ ಕಂಡವರ ಮಾತು ಇವು.

ಮನಸ್ಸಿಗೆ ನೋವಾಗುವ ಒಂದು ಸಂಗತಿಯೂ ಇದೆ. ಅದೇ ಅಮರಕೋಶದಲ್ಲಿ ಕುದುರೆಯ ಹೆಸರುಗಳು ಕ್ಷತ್ರಿಯವರ್ಗದಲ್ಲಿ, ಆನೆ ರಥಗಳ ಪಕ್ಕ ಬರುತ್ತವೆ: ಘೋಟಕ, ತುರಗ, ವಾಜಿ, ಹಯ, ಸೈಂಧವ. ರಾಸಭ, ಗರ್ದಭ, ಖರ ಎಂಬ ಕತ್ತೆಯ ಹೆಸರುಗಳು ವೈಶ್ಯವರ್ಗದಲ್ಲಿ, ದನಕರುಗಳ ಪಕ್ಕ. ಒಂದೇ ಗೊರಸಿನ ಬಂಧುಗಳು, ಕೋಶದಲ್ಲಿ ಬೇರೆ ಬೇರೆ ಮನೆ. ಇಂಗ್ಲಿಷಿನವರೂ ಕಡಿಮೆ ಮಾಡಿಲ್ಲ. ಕತ್ತೆಗೆ ಸಂಬಂಧಿಸಿದ್ದು ಎಂಬ ಅರ್ಥದ ‘ಆಸಿನೈನ್’ ಪದವನ್ನು ಬೈಗುಳಕ್ಕೆ ಇಟ್ಟುಕೊಂಡು, ಈಕ್ವೈನ್ ಅನ್ನು ಗೌರವಕ್ಕೆ ಇಟ್ಟುಕೊಂಡರು. ಗೇಟಿನಿಂದ ಅಜ್ಜ ತಾನೇ ತಿರುಗಿಹೋದರಲ್ಲ, ಅದರ ಹಿಂದೆ ಇಷ್ಟು ಹಳೆಯ ಅಭ್ಯಾಸವಿದೆ.

ನನ್ನ ಸಲಹೆ: ‘ಏಕಶಫ ಪ್ರಾಣಿಗಳ ಆರೋಗ್ಯ ಶಿಬಿರ’.

ತಳಿ ರೈತ

ಮೇಷ್ಟ್ರೇ, ಕೈ ಮುಗಿದು ಹೇಳ್ತೀನಿ. ನಿಮ್ಮ ಮಾತು ಓದೋಕೆ ಚೆಂದ, ಬ್ಯಾನರ್ ಮೇಲೆ ಬೇಡ. ಏಕಶಫ ಅಂತ ಬರೆದರೆ ಕುದುರೆಯವನೂ ಬರಲ್ಲ, ಕತ್ತೆಯವನೂ ಬರಲ್ಲ. ಯಾವುದೋ ಹೋಮ ಅಂದುಕೊಂಡು ಹೂವು ಹಣ್ಣು ತರ್ತಾರೆ. ಲಾಳದವರು ಹೇಳಿದ ‘ಒಂಟಿಗೊರಸು’ ಅದೇ ಅರ್ಥ ತಾನೇ? ಅದೇ ಇರಲಿ.

ಮತ್ತಿಗಿರಿ ಸಂಸ್ಕೃತ ಮೇಷ್ಟ್ರು

ಒಪ್ಪಿದೆ. ಏಕಶಫಕ್ಕೆ ‘ಒಂಟಿಗೊರಸು’ ಅಕ್ಷರಕ್ಕೆ ಅಕ್ಷರ ಸರಿಹೊಂದುತ್ತದೆ. ಲಾಳದ ಮನೆಯವರ ತಂದೆಗೆ ಅದನ್ನು ಯಾರೂ ಹೇಳಿಕೊಟ್ಟಿರಲಾರರು.

ಡೆಂಕಣಿಕೋಟೆ ಪಶುವೈದ್ಯ

ವಿಜ್ಞಾನಕ್ಕೂ ಹೊಂದುತ್ತದೆ. ಇವತ್ತು ಬದುಕಿರುವ ಸಸ್ತನಿಗಳಲ್ಲಿ ಒಂದೇ ಬೆರಳಿನ ಮೇಲೆ ನಿಲ್ಲುವ ಬಳಗ ಇದೊಂದೇ. ಆ ಗೊರಸು ನಮ್ಮ ಲೆಕ್ಕದಲ್ಲಿ ನಡುಬೆರಳಿನ ಉಗುರು. ಸುಮಾರು ಐದೂವರೆ ಕೋಟಿ ವರ್ಷದ ಹಿಂದೆ ಇವುಗಳ ಪೂರ್ವಜ ನಾಯಿಮರಿಯಷ್ಟು ಚಿಕ್ಕದು, ಮುಂಗಾಲಿಗೆ ನಾಲ್ಕು ಬೆರಳಿತ್ತು. ಬಯಲಿನ ಓಟಕ್ಕೆ ಹೊಂದಿಕೊಳ್ಳುತ್ತಾ, ಲಕ್ಷಾಂತರ ತಲೆಮಾರುಗಳಲ್ಲಿ ಪಕ್ಕದ ಬೆರಳುಗಳು ಕುಗ್ಗಿ ಒಂದೊಂದಾಗಿ ಮರೆಯಾದವು.

ಹೇಸರಗತ್ತೆಯ ಬಗ್ಗೆಯೂ ಹೇಳಿಬಿಡ್ತೀನಿ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ಕುದುರೆಗೆ 64 ಕ್ರೋಮೋಸೋಮು, ಕತ್ತೆಗೆ 62, ಹೇಸರಗತ್ತೆಗೆ 63. ಬೆಸಸಂಖ್ಯೆ ಆದ್ದರಿಂದ ಜೋಡಿ ಕೂಡದೆ ಅದಕ್ಕೆ ಮರಿಯಾಗುವುದಿಲ್ಲ ಅಂತಲೇ ಹೇಳಬಹುದು. ತಮಿಳಿನಲ್ಲಿ ‘ಕೋವೇರು ಕಳುದೈ’. ನೋಟೀಸಿನಲ್ಲಿ ಇದನ್ನೂ ಹೆಸರು ಹಿಡಿದು ಹಾಕಿ.

ಇದು ಬರೀ ಪದದ ಶುದ್ಧಿಯ ಮಾತಲ್ಲ ಅನ್ನೋದಕ್ಕೆ ಒಂದು ಕಾರಣ ಹೇಳ್ತೀನಿ. ಗ್ಲ್ಯಾಂಡರ್ಸ್ ಅಂತ ಒಂದು ರೋಗ ಇದೆ. ಜ್ವರ, ಮೂಗಿನಿಂದ ಅಂಟು ಸುರಿತ, ಮೂಗಿನೊಳಗೆ ಹುಣ್ಣು, ಚರ್ಮದ ಕೆಳಗೆ ಗಂಟುಗಳು. ಲಸಿಕೆ ಇಲ್ಲ. ಮನುಷ್ಯರಿಗೂ ಹರಡುತ್ತದೆ. ಬ್ರಿಟಿಷರು ಇದಕ್ಕೆ 1899ರಲ್ಲೇ ಕಾಯ್ದೆ ಮಾಡಿದ್ದರು. ಕುದುರೆಯಲ್ಲಿ ಇದು ಹೆಚ್ಚಾಗಿ ನಿಧಾನವಾಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಕತ್ತೆ ಮತ್ತು ಹೇಸರಗತ್ತೆಗಳಲ್ಲಿ ಜೋರಾಗಿ ಬಂದು ಬೇಗ ಕೊಲ್ಲುತ್ತದೆ. ಶಿಬಿರದಲ್ಲಿ ಕುದುರೆಗಳನ್ನು ಮಾತ್ರ ನೋಡಿ ‘ಈ ಊರಲ್ಲಿ ರೋಗ ಇಲ್ಲ’ ಅಂತ ಬರೆದುಕೊಂಡು ಹೋದರೆ, ಮೊದಲು ಬೀಳೋದು ನಾವು ನೋಡದೆ ಬಿಟ್ಟ ಕತ್ತೆ, ಆಮೇಲೆ ಅದನ್ನು ಸಾಕಿದವನು.

ಇರುವುದೇ ಎಷ್ಟು? 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಕತ್ತೆಗಳು ಸುಮಾರು 1.2 ಲಕ್ಷ. ಅದರ ಹಿಂದಿನ 2012ರ ಗಣತಿಗಿಂತ ನೂರಕ್ಕೆ 61 ಕಡಿಮೆ. ಕುದುರೆ ಮತ್ತು ತಟ್ಟು ಸೇರಿ 3.4 ಲಕ್ಷ, ಅವೂ ನೂರಕ್ಕೆ 45 ಇಳಿದಿವೆ. ಕತ್ತೆಗಳಂತೂ ಕಣ್ಣೆದುರೇ ಕಾಣೆಯಾಗುತ್ತಿವೆ.

ಹೊಸೂರು ನರ್ಸ್

ಒಂದು ಸಣ್ಣ ಮಾತು ಸೇರಿಸಲಾ? ‘ಈಕ್ವೈನ್ ಥೆರಪಿ’ ಅನ್ನೋದನ್ನು ಯಾರೋ ಕನ್ನಡದಲ್ಲಿ ‘ಕುದುರೆ ಚಿಕಿತ್ಸೆ’ ಅಂತ ಹಾಕಿದ್ದು ನೋಡಿದೆ. ಓದಿದವರು ಕುದುರೆಗೆ ಮಾಡುವ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಅದು ನಡೆಯಲು, ಬೆರೆಯಲು ಕಷ್ಟಪಡುವ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ, ಅದರ ಒಡನಾಟದಿಂದ ಮಾಡುವ ಚಿಕಿತ್ಸೆ. ‘ಕುದುರೆ ಒಡನಾಟದ ಚಿಕಿತ್ಸೆ’ ಅಂದರೆ ಗೊಂದಲ ಇರಲ್ಲ. ಕುದುರೆಗೇ ಮಾಡೋದಾದರೆ ‘ಕುದುರೆಗಳಿಗೆ ಚಿಕಿತ್ಸೆ’ ಅನ್ನಬಹುದು.

ಲಾಳದ ಮನೆ

ಅಜ್ಜನ ಮನೆಗೆ ಹೋಗಿ ಬಂದೆ. ಡಾಕ್ಟರು ಫೋನಿನಲ್ಲೇ ಇದ್ದರು, ಅವರು ಹೇಳಿದಂಗೆ ಮಾಡಿದೆ.

ಕತ್ತೆ ಹುಣಸೆ ಮರದ ಕೆಳಗೆ ಬಲಗಾಲಿನ ತುದಿ ಮಾತ್ರ ಊರಿ ನಿಂತಿತ್ತು. ಗೊರಸು ಮುಟ್ಟಿದರೆ ಬಿಸಿ. ಮಣ್ಣು ಕೆರೆದು ನೋಡಿದೆ, ಅಂಗಾಲಿನ ಬಿಳಿ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಬಾಗಿದ ಚಾಕುವಿನಿಂದ ಚುಕ್ಕೆಯ ಹಿಂದೆಯೇ ಸ್ವಲ್ಪ ಸ್ವಲ್ಪ ಕೆತ್ತುತ್ತಾ ಹೋದೆ. ಅರ್ಧ ಬೆರಳು ಒಳಗೆ ಹೋಗೋಷ್ಟರಲ್ಲಿ ಬೂದಿ ಬಣ್ಣದ ಕೀವು ಚಿಮ್ಮಿತು, ನಾತ. ಇಟ್ಟಿಗೆ ಗೂಡಿನ ಹರಳು ಒಂದು ಒಳಗೆ ಕೂತಿತ್ತು. ಅದು ಹೊರಗೆ ಬಂದ ಕೂಡಲೇ ಕತ್ತೆ ಉದ್ದಕ್ಕೆ ಉಸಿರು ಬಿಟ್ಟು ತಲೆ ತಗ್ಗಿಸಿತು. ಅಜ್ಜ ಅದರ ಕಿವಿ ಹಿಡಿದುಕೊಂಡೇ ಇದ್ದರು, ಬಿಡಲಿಲ್ಲ. ಬೆಚ್ಚಗಿನ ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲು ಇಡಿಸಿ, ಒಣಗಿಸಿ, ಹತ್ತಿ ಇಟ್ಟು, ಗೋಣಿ ಚೂರು ಕಟ್ಟಿ ಬಂದೆ. ನಾಳೆ ಮತ್ತೆ ಹೋಗ್ತೀನಿ.

ಡೆಂಕಣಿಕೋಟೆ ಪಶುವೈದ್ಯ

ಬಹಳ ಚೆನ್ನಾಗಿ ಮಾಡಿದ್ದೀರಿ. ಧನುರ್ವಾಯು ಇಂಜೆಕ್ಷನ್ ನಾನು ಇವತ್ತು ಸಂಜೆ ಬಂದು ಹಾಕ್ತೀನಿ. ಒಂಟಿಗೊರಸಿನ ಪ್ರಾಣಿಗಳಿಗೆ ಧನುರ್ವಾಯು ಬಹಳ ಬೇಗ ಹಿಡಿಯುತ್ತದೆ, ಗೊರಸಿನ ಗಾಯ ಅಂದರೆ ಅದನ್ನು ಬಿಡಲೇಬಾರದು. ಒಂದು ವಾರ ಗೂಡಿಗೆ ಕಳಿಸಬೇಡಿ ಅಂತ ಅಜ್ಜನಿಗೆ ಹೇಳಿ.

ಕೆಲಮಂಗಲದ ಅಕ್ಕ

ಲಾಳದ ಮನೆಯವರೇ, ನಿಮಗೆ ಹೇಗೆ ಹೇಳಲಿ. ನೀವು ಬರೆದಿದ್ದು ಓದಿ ಕಣ್ಣು ತುಂಬಿತು.

ನಿಮ್ಮೆಲ್ಲರ ಮಾತಿನಿಂದ ನನಗೆ ಸಿಕ್ಕಿದ್ದು ಒಂದು ಪ್ರಶ್ನೆ. ಈಕ್ವೈನ್ ಅಂತ ಎಲ್ಲೇ ಕಂಡರೂ ಇನ್ನು ಮುಂದೆ ‘ಇದರಲ್ಲಿ ಕತ್ತೆ ಇದೆಯಾ?’ ಅಂತ ಬರೆದವರನ್ನೇ ಕೇಳ್ತೀನಿ. ಇಲ್ಲ ಅಂದರೆ ‘ಕುದುರೆಯ’. ಇದೆ ಅಂದರೆ ‘ಒಂಟಿಗೊರಸಿನ’. ಮತ್ತಿಗಿರಿ ಶಿಬಿರಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ:

‘ಕುದುರೆ, ಕತ್ತೆ, ತಟ್ಟು, ಹೇಸರಗತ್ತೆ ಸಾಕಿದವರೆಲ್ಲರೂ ಬನ್ನಿ. ಒಂಟಿಗೊರಸಿನ ಎಲ್ಲ ಪ್ರಾಣಿಗಳಿಗೂ ಉಚಿತ ತಪಾಸಣೆ, ಗೊರಸು ಕತ್ತರಿಸುವುದು, ಜಂತುಹುಳದ ಮದ್ದು.’

ತಳಿ ರೈತ

ಕತ್ತೆಯನ್ನ ಮೊದಲು ಹಾಕಿ. ಕುದುರೆ ಅಂತ ಮೊದಲ ಪದ ಕಂಡ ಕೂಡಲೇ ಅರ್ಧ ಜನ ಮುಂದೆ ಓದಲ್ಲ. ಚಿತ್ರವನ್ನೂ ಕತ್ತೆಯದೇ ಹಾಕಿ, ಓದೋಕೆ ಬಾರದೋರಿಗೂ ಗೊತ್ತಾಗಲಿ.

ಮತ್ತಿಗಿರಿ ಸಂಸ್ಕೃತ ಮೇಷ್ಟ್ರು

ಸರಿಯಾದ ಮಾತು. ಮತ್ತಿಗಿರಿಯ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದೇ ಸೈನ್ಯದ ಕುದುರೆಗಳಿಗಾಗಿ. ಇನ್ನೂರು ವರ್ಷವಾದ ಮೇಲೆ ಅದೇ ಊರಿನ ಬ್ಯಾನರ್ ಮೇಲೆ ಕತ್ತೆ ಮೊದಲು ಬರಲಿ.

ಕೆಲಮಂಗಲದ ಅಕ್ಕ

ತಿದ್ದಿದೆ. ‘ಕತ್ತೆ, ಕುದುರೆ, ತಟ್ಟು, ಹೇಸರಗತ್ತೆ’ ಅಂತಲೇ ಅಚ್ಚಿಗೆ ಹೋಯಿತು. ತಮಿಳು ಮಾಡುವವರಿಗೂ ಹೇಳಿದೆ, ಅವರೂ ಕಳುದೈ ಮೊದಲು ಹಾಕಿದ್ದಾರೆ.

ನಿನ್ನೆ ಸಂಜೆ ಅಜ್ಜನ ಮನೆಗೆ ಹೋಗಿ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ಡಾಕ್ಟರ್ ಸಾರ್ ಉತ್ತರ ಹೇಳಬೇಕು: ಹಾಲಿನ ಕತ್ತೆಯನ್ನು ಕರೆತರುವಾಗ ಮರಿಯನ್ನು ಮನೆಯಲ್ಲಿ ಕಟ್ಟಿ ಬರಬೇಕಾ, ಜೊತೆಗೆ ತರಬಹುದಾ?

ಡೆಂಕಣಿಕೋಟೆ ಪಶುವೈದ್ಯ

ಜೊತೆಗೇ ತರಲಿ. ಮರಿ ಕಣ್ಣಿಗೆ ಕಾಣದಿದ್ದರೆ ತಾಯಿ ನಮ್ಮನ್ನು ಹತ್ತಿರಕ್ಕೇ ಸೇರಿಸಲ್ಲ. ಬಿಸಿಲು ಏರೋ ಮೊದಲು, ಏಳು ಗಂಟೆಗೆ ಬಂದರೆ ಮೊದಲ ಚೀಟಿ ಅವರಿಗೇ.